ರೆಗ್ಜಿನ್ ಸೀಟು, ಸೇಫ್ಟಿ ಶೂ ಮತ್ತು ಬಳ್ಳಾರಿಯ ಬೆವರು

ಎಲ್ಲರಿಗೂ ನಮಸ್ಕಾರ. ಸೀಟ್ ಕವರ್ ಹೊಲಿಯುವವರು, ಜೀನ್ಸ್ ಯೂನಿಟ್‌ನವರು, ತೋರಣಗಲ್ಲು ಉಕ್ಕಿನ ಕಾರ್ಖಾನೆ ಕಡೆ ಶಿಫ್ಟಿಗೆ ಹೋಗುವವರು ಎಲ್ಲರೂ ಬಂದಿದ್ದೀರಿ, ನೇರವಾಗಿ ವಿಷಯಕ್ಕೇ ಬರ್ತೀನಿ. ಮೇ ತಿಂಗಳಲ್ಲಿ ಬೈಕ್ ಸೀಟಿನಿಂದ ಎದ್ದರೆ ಪ್ಯಾಂಟು ಮೈಗೆ ಅಂಟಿರುತ್ತದೆ. ಶಿಫ್ಟ್ ಮುಗಿಸಿ ಶೂ ಬಿಚ್ಚಿದರೆ ಸಾಕ್ಸ್ ತೊಯ್ದಿರುತ್ತದೆ. ಬಳ್ಳಾರಿ ಬಿಸಿಲು, ಇದ್ದದ್ದೇ ಬಿಡಿ ಅಂತೀವಿ, ಅಲ್ವಾ? ನನ್ನ ಪ್ರಕಾರ ಬಿಸಿಲಿಗಿಂತ ಜಾಸ್ತಿ ತಪ್ಪು ಆ ಸೀಟಿನದ್ದು, ಆ ಶೂನದ್ದು.

ಯಾಕೆ ಅಂದರೆ ನಮ್ಮದು ಒಣ ಬಿಸಿಲು. ಬೆವರಿದ ಚರ್ಮ 35 ಡಿಗ್ರಿ ಇದ್ದಾಗ ಅಲ್ಲಿ ಆವಿಯ ಒತ್ತಡ, ಅಂದರೆ ನೀರಾವಿ ಹೊರಗೆ ತಳ್ಳುವ ಬಲ, ಸುಮಾರು 5.6 ಕಿಲೋಪಾಸ್ಕಲ್ (ಒತ್ತಡ ಅಳೆಯುವ ಮಾನ). ಹೊರಗೆ 40 ಡಿಗ್ರಿ, ತೇವಾಂಶ ಶೇ. 20 ಇದ್ದರೆ ಗಾಳಿಯಲ್ಲಿರುವ ಆವಿಯ ಒತ್ತಡ ಬರೀ 1.5. ಕರಾವಳಿಯಲ್ಲಿ 32 ಡಿಗ್ರಿ, ಶೇ. 75 ಅಂದುಕೊಳ್ಳಿ, ಅಲ್ಲಿ 3.6 ಆಗುತ್ತದೆ. ಒಳಗಿನಿಂದ ಹೊರಗೆ ಆವಿಯನ್ನು ತಳ್ಳುವ ಈ ವ್ಯತ್ಯಾಸ ನಮ್ಮಲ್ಲಿ ಎರಡು ಪಟ್ಟು. ದಾರಿ ಬಿಟ್ಟರೆ ಸಾಕು, ಬೆವರು ತಾನೇ ಹೋಗುತ್ತದೆ. ಹೊರಗಿನ ಗಾಳಿ ಮೈಗಿಂತ ಬಿಸಿ ಇದ್ದಾಗ ಮೈ ತಣ್ಣಗಾಗಲು ಬೆವರು ಆರುವುದೊಂದೇ ಉಪಾಯ. ಅದನ್ನೂ ಮುಚ್ಚಿಬಿಟ್ಟರೆ ಹೇಗೆ?

ಸಾಮಾನ್ಯ ರೆಗ್ಜಿನ್ ಅಂದರೆ ಬಟ್ಟೆಯ ಮೇಲೆ ಪಿವಿಸಿ ಎಂಬ ಪ್ಲಾಸ್ಟಿಕ್ ಪದರ ಹಾಕಿದ ಕೃತಕ ಚರ್ಮ. ಎಲ್ಲೂ ರಂಧ್ರ ಇಲ್ಲ, ನೀರನ್ನು ಹೀರುವುದೂ ಇಲ್ಲ. ನಿಜವಾದ ಚರ್ಮದಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಹೆಣೆದುಕೊಂಡಿರುತ್ತವೆ. ಅವು ಬೆವರನ್ನು ಹೀರಿಕೊಂಡು, ಎಳೆಯಿಂದ ಎಳೆಗೆ ದಾಟಿಸಿ, ಹೊರಗೆ ಬಿಡುತ್ತವೆ. ಅಂದರೆ ಎರಡು ಕೆಲಸ: ಆವಿಯನ್ನು ಬಿಡುವುದು, ಮಿಕ್ಕಿದ್ದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವುದು. ಕೃತಕ ಚರ್ಮ ಮಾಡುವವರು ಮೊದಲನೆಯದರ ಹಿಂದೆ ಬಿದ್ದು ಎರಡನೆಯದನ್ನು ಮರೆಯುತ್ತಾರೆ ಅನ್ನೋದೇ ನನ್ನ ತಕರಾರು.

ಮೊದಲನೆಯದಕ್ಕೆ ಒಳ್ಳೆಯ ದಾರಿ ಇದೆ. ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕನ್ನು ಡಿಎಂಎಫ್ ಎಂಬ ದ್ರಾವಕದಲ್ಲಿ ಕರಗಿಸಿ, ಬಟ್ಟೆಗೆ ಬಳಿದು, ನೀರಿನ ತೊಟ್ಟಿಗೆ ಇಳಿಸುತ್ತಾರೆ. ದ್ರಾವಕ ನೀರಿಗೆ ಹೋಗುತ್ತದೆ, ನೀರು ಒಳಗೆ ಬರುತ್ತದೆ, ಪಾಲಿಯುರೆಥೇನ್ ಗಟ್ಟಿಯಾಗುವಾಗ ಒಳಗೆಲ್ಲ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ. ಮಳೆ ಹನಿ ದಾಟಲಾರದು, ಆವಿ ದಾಟುತ್ತದೆ. ಡಿಎಂಎಫ್ ಲಿವರಿಗೆ ಹಾನಿ ಮಾಡುತ್ತದೆ, ಹಾಗಾಗಿ ನೀರಿನಲ್ಲೇ ಬೆರೆಯುವ ಪಾಲಿಯುರೆಥೇನ್ ಕಡೆ ಹೋಗುವುದು ಕಾರ್ಖಾನೆಯಲ್ಲಿ ದುಡಿಯುವವರಿಗೂ ಒಳ್ಳೆಯದು. ರಂಧ್ರವಿಲ್ಲದೆಯೂ ಆಗುತ್ತದೆ: ಪಾಲಿಯುರೆಥೇನ್ ಸರಪಳಿಯಲ್ಲಿ ನೀರನ್ನು ಇಷ್ಟಪಡುವ ತುಂಡುಗಳನ್ನು, ಉದಾಹರಣೆಗೆ ಪಾಲಿಎಥಿಲೀನ್ ಗ್ಲೈಕಾಲ್, ಸೇರಿಸಿದರೆ ಆವಿ ಅದನ್ನೇ ಹಿಡಿದು ದಾಟುತ್ತದೆ. ಅತಿಯಾದರೆ ಪದರ ಉಬ್ಬಿ ಬಲ ಕಳೆದುಕೊಳ್ಳುತ್ತದೆ, ಅಳತೆ ಬೇಕು.

ಎರಡನೆಯದಕ್ಕೆ ಬರೋಣ, ಇಲ್ಲಿ ಲೆಕ್ಕ ನೋಡಿ. ಸೇಫ್ಟಿ ಶೂಗಳ ಐಎಸ್‌ಒ 20345 ಮಾನದಂಡದಲ್ಲಿ, ಪೂರ್ತಿ ರಬ್ಬರ್ ಅಥವಾ ಪ್ಲಾಸ್ಟಿಕ್‌ನಲ್ಲೇ ಮಾಡಿದ ಬೂಟು ಬಿಟ್ಟು ಉಳಿದವಕ್ಕೆ, ಮೇಲ್ಭಾಗದ ಒಂದು ಚದರ ಸೆಂಟಿಮೀಟರಿನಿಂದ ಗಂಟೆಗೆ ಕನಿಷ್ಠ 0.8 ಮಿಲಿಗ್ರಾಂ ಆವಿ ಹೋಗಬೇಕು. ಮೇಲ್ಭಾಗ 300 ಚದರ ಸೆಂಟಿಮೀಟರ್ ಅಂತಿಟ್ಟುಕೊಂಡರೆ ಗಂಟೆಗೆ 240 ಮಿಲಿಗ್ರಾಂ, ಅಂದರೆ ಕಾಲು ಗ್ರಾಂ. ಫರ್ನೇಸ್ ಹತ್ತಿರ ನಿಂತವನ ಪಾದ ಗಂಟೆಗೆ ಕೆಲವು ಗ್ರಾಂ ಬೆವರುತ್ತದೆ. ಕನಿಷ್ಠ ಪಾಸಾದ ಶೂ ನಿಮ್ಮ ಕಾಲಿಗೆ ಪಾಸಾಗಿಲ್ಲ ಅಂತಾಯ್ತು. ಉಳಿದ ಬೆವರನ್ನು ಅಸ್ತರ್, ಒಳ ಅಟ್ಟೆ, ಸಾಕ್ಸ್ ಹೀರಬೇಕು. ಸಾಮಾನ್ಯ ಗಾಳಿಯಲ್ಲಿ ಪಾಲಿಯೆಸ್ಟರ್ ಎಳೆ ಹೀರುವ ತೇವ ತೂಕದ ಶೇ. 0.4 ಮಾತ್ರ, ನೈಲಾನ್ ಸುಮಾರು 4, ಹತ್ತಿ 8ಕ್ಕಿಂತ ಜಾಸ್ತಿ. ಹಾಗಾಗಿ ಒಳ್ಳೆಯ ಮೈಕ್ರೋಫೈಬರ್ (ಅತಿ ಸಣ್ಣ ಎಳೆಗಳ) ಕೃತಕ ಚರ್ಮಕ್ಕೆ ತಳದಲ್ಲಿ ನೈಲಾನ್ ಎಳೆ ಹಾಕುತ್ತಾರೆ. ಕೊಲಾಜನ್ ಪುಡಿ, ಸೆಲ್ಯುಲೋಸ್ ಬೆರೆಸುವ ಪ್ರಯತ್ನಗಳೂ ಇದಕ್ಕೇ.

ಡ್ಯುಪಾಂಟ್ ಕಂಪನಿ 1964ರಲ್ಲಿ ಕಾರ್ಫಾಮ್ ಎಂಬ ಉಸಿರಾಡುವ ಕೃತಕ ಚರ್ಮವನ್ನು ಮಾರುಕಟ್ಟೆಗೆ ತಂದಿತು, 1971ರಲ್ಲಿ ಕೈಬಿಟ್ಟಿತು. ಆವಿ ಹೋಗುತ್ತಿತ್ತು, ಆದರೆ ಚರ್ಮದ ಹಾಗೆ ಕಾಲಿನ ಆಕಾರಕ್ಕೆ ಹಿಗ್ಗಿ ಒಗ್ಗುತ್ತಿರಲಿಲ್ಲ. ಒಂದೇ ಗುಣ ಸುಧಾರಿಸಿದರೆ ಸಾಲದು.

ಈಗ ಹೊಲಿಯುವವರಿಗೆ ಒಂದು ಮಾತು. ದುಬಾರಿ ಉಸಿರಾಡುವ ಹಾಳೆ ತಂದು, ಹಿಂದೆ ಪೂರ್ತಿ ಸಲ್ಯೂಷನ್ (ಅಂಟು) ಬಳಿದು, ಮುಚ್ಚಿದ ಗುಳ್ಳೆಯ ಫೋಮ್ ಅಂಟಿಸಿದರೆ ಕಿಟಕಿ ಇಟ್ಟು ಹಿಂದೆ ಗೋಡೆ ಕಟ್ಟಿದ ಹಾಗೆ. ಸಲ್ಯೂಷನನ್ನು ಚುಕ್ಕಿಚುಕ್ಕಿಯಾಗಿ ಹಾಕಿ. ತೆರೆದ ಗುಳ್ಳೆಯ ಸ್ಪಂಜು ಬಳಸಿ. ತೂತು ಹೊಡೆದ ರೆಗ್ಜಿನ್ ಕಾರಿನೊಳಗಿನ ಸೀಟಿಗೆ ಸರಿ. ಬೈಕಿಗೆ ಬೇಡ, ಮಳೆ ಬಂದರೆ ಸ್ಪಂಜು ನೀರು ಕುಡಿಯುತ್ತದೆ.

ಕೊಳ್ಳುವ ಮೊದಲು ಪರೀಕ್ಷೆ ಮಾಡಬಹುದು, ಲ್ಯಾಬ್ ಬೇಡ. ಒಂದೇ ಅಳತೆಯ ಮೂರು ಲೋಟಗಳಿಗೆ ಸಮನಾಗಿ ನೀರು ಹಾಕಿ. ಒಂದಕ್ಕೆ ಹತ್ತಿ ಬಟ್ಟೆ, ಉಳಿದೆರಡಕ್ಕೆ ಅಂಗಡಿಯವರು ಕೊಟ್ಟ ಎರಡು ಸ್ಯಾಂಪಲ್ ಬಿಗಿಯಾಗಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಅಂಚಿನಲ್ಲಿ ಸಂದಿ ಇರಬಾರದು. ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ, ನೆರಳಲ್ಲಿ ಒಟ್ಟಿಗೇ ಇಟ್ಟು, ಮರುದಿನ ಮತ್ತೆ ತೂಗಿ. ತೂಕ ಕಮ್ಮಿಯಾಗದ ತುಂಡಿಗೆ "ಬ್ರೀದಬಲ್" ಅಂತ ಲೇಬಲ್ ಇದ್ದರೆ ಅದನ್ನು ವಾಪಸ್ ಕೊಡಿ.