ಬೀಳುವ ನೀರು, ಕುದಿಯುವ ನೀರು

ಕೇಳುಗರಿಗೆ ನಮಸ್ಕಾರ.

ಜೋಗದಲ್ಲಿ ಶರಾವತಿ 253 ಮೀಟರ್ ಆಳಕ್ಕೆ ಧುಮುಕುತ್ತದೆ. ಮಳೆಗಾಲದಲ್ಲಿ ಆ ಭೋರ್ಗರೆತ ಕೇಳಿದವರಿಗೆ ಗುರುತ್ವವೇ ಎಲ್ಲಕ್ಕಿಂತ ದೊಡ್ಡ ಬಲ ಅನ್ನಿಸುವುದು ಸಹಜ. ಲೆಕ್ಕ ಹಾಕಿ ನೋಡೋಣ. ಒಂದು ಕಿಲೋ ನೀರು ಅಷ್ಟು ಎತ್ತರದಿಂದ ಬಿದ್ದಾಗ ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ, ಅಂದರೆ ಇರುವ ಸ್ಥಾನದಿಂದಾಗಿ ಅದರಲ್ಲಿ ಅಡಗಿರುವ ಶಕ್ತಿ, ಸುಮಾರು 2,500 ಜೌಲ್. ಅದಷ್ಟೂ ಶಾಖವಾದರೂ ನೀರು ಒಂದು ಡಿಗ್ರಿಯಷ್ಟೂ ಬಿಸಿಯಾಗದು.

ಈಗ ಅದೇ ಒಂದು ಕಿಲೋ ನೀರನ್ನು ಒಲೆಯ ಮೇಲಿಟ್ಟು ಪೂರ್ತಿ ಆವಿಯಾಗಿಸಿ. ಕುದಿ ಬಂದ ಮೇಲೂ ಇನ್ನೂ ಸುಮಾರು 22 ಲಕ್ಷ 60 ಸಾವಿರ ಜೌಲ್ ಬೇಕು. ಅಷ್ಟು ಶಕ್ತಿಯಿದ್ದರೆ ಆ ನೀರನ್ನು ಇನ್ನೂರು ಕಿಲೋಮೀಟರಿಗೂ ಮೇಲಕ್ಕೆ ಎತ್ತಬಹುದಿತ್ತು! ಒಲೆಯ ಉರಿಯೆಲ್ಲ ಎಲ್ಲಿಗೆ ಹೋಯಿತು? ಬಹುಪಾಲು ನೀರಿನ ಅಣುಗಳನ್ನು ಒಂದರಿಂದೊಂದು ಬಿಡಿಸುವುದಕ್ಕೇ ಖರ್ಚಾಯಿತು. ಪ್ರತಿ ಅಣುವಿನ ಒಂದು ಕಡೆ ತುಸು ಧನ ಆವೇಶ, ಇನ್ನೊಂದು ಕಡೆ ತುಸು ಋಣ. ಅವನ್ನು ಕಟ್ಟಿಹಾಕಿರುವುದು ಈ ವಿದ್ಯುತ್ ಸೆಳೆತ.

ಸೋಜಿಗವೆಂದರೆ, ಎರಡು ಬಲಗಳ ಸೂತ್ರಗಳೂ ಒಂದೇ ಅಚ್ಚಿನವು. ಗುರುತ್ವದ ನಿಯಮವನ್ನು ನ್ಯೂಟನ್ 1687ರಲ್ಲಿ ಪ್ರಕಟಿಸಿದ. ವಿದ್ಯುದಾವೇಶಗಳ ನಡುವಿನ ಬಲವನ್ನು ಕೂಲಂಬ್ 1785ರಲ್ಲಿ ತಿರುಚು ತಕ್ಕಡಿಯಿಂದ, ಅಂದರೆ ತಂತಿ ಎಷ್ಟು ತಿರುಚಿತೆಂದು ನೋಡಿ ಬಲ ಅಳೆಯುವ ಸಾಧನದಿಂದ, ಅಳೆದು ತೋರಿಸಿದ. ದೂರ ಇಮ್ಮಡಿಯಾದರೆ ಎರಡರಲ್ಲೂ ಬಲ ಕಾಲು ಭಾಗಕ್ಕಿಳಿಯುತ್ತದೆ, ಪ್ರಚ್ಛನ್ನ ಶಕ್ತಿಯ ಪ್ರಮಾಣ ಅರ್ಧವಾಗುತ್ತದೆ. ದ್ರವ್ಯರಾಶಿ ಇದ್ದ ಜಾಗದಲ್ಲಿ ಆವೇಶ ಬಂತು, ಅಷ್ಟೆ.

ಆದರೆ ಆ "ಅಷ್ಟೆ"ಯಲ್ಲೇ ಎಲ್ಲವೂ ಇದೆ. ಹೈಡ್ರೋಜನ್ ಪರಮಾಣುವಿನಲ್ಲಿ ಪ್ರೋಟಾನು ಎಲೆಕ್ಟ್ರಾನನ್ನು ಎಳೆಯುವ ವಿದ್ಯುತ್ ಬಲ, ಅವೆರಡರ ಗುರುತ್ವಕ್ಕಿಂತ ಎಷ್ಟು ಪಟ್ಟು ಹೆಚ್ಚು ಗೊತ್ತೇ? ಎರಡು ಬರೆದು ಮುಂದೆ 39 ಸೊನ್ನೆ ಹಾಕಿದಷ್ಟು. ಅವುಗಳನ್ನು ಎಷ್ಟೇ ದೂರ ಸರಿಸಿದರೂ ಈ ಅನುಪಾತ ಬದಲಾಗುವುದಿಲ್ಲ, ಏಕೆಂದರೆ ಎರಡೂ ಬಲಗಳು ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ.

ಹಾಗಾದರೆ ಚಂದ್ರನನ್ನು ಭೂಮಿಯ ಸುತ್ತ ತಿರುಗಿಸುತ್ತಿರುವುದು ಗುರುತ್ವವೇಕೆ? ಆವೇಶದಲ್ಲಿ ಎರಡು ಬಗೆ. ದೊಡ್ಡ ಕಾಯಗಳಲ್ಲಿ ಧನವೂ ಋಣವೂ ಹೆಚ್ಚುಕಡಿಮೆ ಸರಿಸಮವಾಗಿದ್ದು ಒಂದನ್ನೊಂದು ಅಳಿಸಿಬಿಡುತ್ತವೆ. ದ್ರವ್ಯರಾಶಿಗೆ ಋಣವೇ ಇಲ್ಲ. ಹಾಗಾಗಿ ಗುರುತ್ವ ಕೂಡುತ್ತಲೇ ಹೋಗುತ್ತದೆ, ಕಳೆಯುವುದಿಲ್ಲ. ಅನಂತ ದೂರದಲ್ಲಿ ಸೊನ್ನೆ ಎಂದಿಟ್ಟುಕೊಂಡರೆ ಗುರುತ್ವದ ಪ್ರಚ್ಛನ್ನ ಶಕ್ತಿ ಯಾವಾಗಲೂ ಋಣಸಂಖ್ಯೆ. ವಿದ್ಯುತ್ತಿನದು ಹಾಗಲ್ಲ: ವಿರುದ್ಧ ಆವೇಶಗಳಿಗೆ ಋಣ, ಸಜಾತಿ ಆವೇಶಗಳಿಗೆ ಧನ.

ಇವೆರಡೂ ಎದುರುಬದುರಾಗುವ ಜಾಗವೊಂದಿದೆ, ಸೂರ್ಯನ ಒಡಲು. ಅನಿಲದ ಮೋಡ ತನ್ನದೇ ಗುರುತ್ವಕ್ಕೆ ಕುಗ್ಗಿದಾಗ ಪ್ರಚ್ಛನ್ನ ಶಕ್ತಿ ಇಳಿದು, ಅದರಲ್ಲಿ ಒಂದು ಪಾಲು ಶಾಖವಾಯಿತು. ಸೂರ್ಯನ ಕೇಂದ್ರದ ತಾಪ ಇಂದು ಸುಮಾರು ಒಂದೂವರೆ ಕೋಟಿ ಡಿಗ್ರಿ. ಆ ಕಾವಿನಲ್ಲಿ ಪ್ರೋಟಾನುಗಳು ಒಂದಕ್ಕೊಂದು ಡಿಕ್ಕಿ ಹೊಡೆಯಲು ನುಗ್ಗುತ್ತವೆ, ಎರಡೂ ಧನವಾದ್ದರಿಂದ ವಿದ್ಯುತ್ ವಿಕರ್ಷಣೆ ತಡೆಯುತ್ತದೆ. ಅಭಿಜಾತ ಭೌತಶಾಸ್ತ್ರದ, ಅಂದರೆ ಕ್ವಾಂಟಂ ಸಿದ್ಧಾಂತಕ್ಕೆ ಹಿಂದಿನ ಭೌತಶಾಸ್ತ್ರದ, ಲೆಕ್ಕದಂತೆ ಆ ತಡೆಯನ್ನು ದಾಟಲು ಅಲ್ಲಿನ ಸರಾಸರಿ ಪ್ರೋಟಾನಿಗೆ ಇರುವುದಕ್ಕಿಂತ ನೂರಾರು ಪಟ್ಟು ಶಕ್ತಿ ಬೇಕು. ಆದರೂ ಸೂರ್ಯ ಉರಿಯುತ್ತಿದ್ದಾನೆ. ನ್ಯೂಟನ್, ಕೂಲಂಬರ ಸೂತ್ರಗಳು ನಮ್ಮನ್ನು ಈ ತಡೆಯ ಬುಡದವರೆಗೆ ಕರೆತರುತ್ತವೆ. ಪ್ರೋಟಾನು ಅದನ್ನು ಏರದೆಯೇ ಹೇಗೆ ತೂರಿಹೋಗುತ್ತದೆ ಎಂಬುದನ್ನು ವಿವರಿಸಿದ್ದು ಇಪ್ಪತ್ತನೇ ಶತಮಾನದ ಕ್ವಾಂಟಂ ಸಿದ್ಧಾಂತ.