ಫೇಲಾದ್ರೆ ಆಟ ಇಲ್ಲ: ಟೆಕ್ಸಾಸಿನ ಒಂದು ಸರ್ಕಾರಿ ಹೈಸ್ಕೂಲು

ಇದು ಈಗಲ್ ಸ್ಟೇಡಿಯಂ. 18,000 ಸೀಟು, ಸುಮಾರು 6 ಕೋಟಿ ಡಾಲರ್ ಖರ್ಚು. ಕಟ್ಟಿರೋದು ಒಂದು ಸರ್ಕಾರಿ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ! ಡಲ್ಲಾಸ್‌ನಿಂದ ಉತ್ತರಕ್ಕೆ ಬಂದ್ರೆ ಸಿಗೋ ಆಲೆನ್ ಅನ್ನೋ ಊರು. 2009ರಲ್ಲಿ ಊರಿನವರೇ ವೋಟ್ ಹಾಕಿ ಬಾಂಡ್‌ಗೆ, ಅಂದ್ರೆ ಇದಕ್ಕೆ ಸಾಲ ಎತ್ತೋಕೆ ಒಪ್ಪಿದ್ರು, 2012ರಲ್ಲಿ ಸ್ಟೇಡಿಯಂ ಶುರುವಾಯ್ತು. 2014ರಲ್ಲಿ ಕಾಂಕ್ರೀಟ್ ಬಿರುಕು ಬಿಟ್ಟು ಬಾಗಿಲು ಹಾಕಬೇಕಾಯ್ತು. ಆ ವರ್ಷ ಹುಡುಗರು ಬೇರೆಯವರ ಮೈದಾನಗಳಲ್ಲಿ ಆಡಿಕೊಂಡೇ ರಾಜ್ಯ ಚಾಂಪಿಯನ್ ಆದ್ರು, ಸತತ ಮೂರನೇ ಸಲ. ಆಗಿನ ಕ್ವಾರ್ಟರ್‌ಬ್ಯಾಕ್, ಅಂದ್ರೆ ಚೆಂಡು ಎಸೆದು ದಾಳಿ ನಡೆಸೋ ಆಟಗಾರ, ಕೈಲರ್ ಮರ್ರಿ. 2018ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡೋ ಹೈಸ್ಮನ್ ಟ್ರೋಫಿ ಗೆದ್ದ ಅದೇ ಕೈಲರ್ ಮರ್ರಿ.

ನಾನು ಕಾಯೋದು ಮಾತ್ರ ಹಾಫ್‌ಟೈಮ್‌ಗೆ. ನೋಡಿ, ಬಂದ್ರು. ಶಾಲೆಯ ಮಾರ್ಚಿಂಗ್ ಬ್ಯಾಂಡು, ಹೆಸರು ಎಸ್ಕಡ್ರಿಲ್. ನೂರಾರು ಮಕ್ಕಳು, ಈ ತುದಿಯಿಂದ ಆ ತುದಿವರೆಗೂ ಮೈದಾನ ತುಂಬಿಬಿಡ್ತಾರೆ. ಹೆಗಲ ಮೇಲೆ ಸೂಸಫೋನ್ ಅನ್ನೋ ದೊಡ್ಡ ಹಿತ್ತಾಳೆ ವಾದ್ಯ ಹೊತ್ತವರು ಹಿಂದಕ್ಕೆ ಹೆಜ್ಜೆ ಇಡೋವಾಗ ಗಮನಿಸಿ: ತಿರುಗಿ ನೋಡೋ ಹಾಗಿಲ್ಲ, ಮನಸ್ಸಲ್ಲೇ ಎಣಿಸ್ತಾ ಹೋಗಿ ಸರಿಯಾದ ಜಾಗದಲ್ಲೇ ನಿಲ್ಲಬೇಕು. ಇದಕ್ಕೆ ಆಗಸ್ಟ್‌ನ ಉರಿಬಿಸಿಲಲ್ಲೇ ತಾಲೀಮು ಶುರುವಾಗುತ್ತೆ.

"ಆಟ ಆಟ ಅಂತ ಹೋದ್ರೆ ಓದೋದು ಯಾವಾಗ?" ನಮ್ಮ ಮನೆಗಳಲ್ಲಿ ಈ ಮಾತು ಕೇಳದೆ ಬೆಳೆದವರು ಯಾರಿದ್ದಾರೆ ಹೇಳಿ. ಟೆಕ್ಸಾಸ್ ಇದಕ್ಕೆ 1984ರಲ್ಲಿ ಕಾನೂನನ್ನೇ ಮಾಡ್ತು. 'ನೋ ಪಾಸ್, ನೋ ಪ್ಲೇ.' ಒಂದು ಸಬ್ಜೆಕ್ಟ್‌ನಲ್ಲಿ 70ಕ್ಕಿಂತ ಕಮ್ಮಿ ಬಂದ್ರೂ ಪಂದ್ಯ ಇಲ್ಲ, ಬ್ಯಾಂಡ್ ಸ್ಪರ್ಧೆನೂ ಇಲ್ಲ. ಮೊದಲು ಆರು ವಾರ ಹೊರಗಿಡ್ತಿದ್ರು, 1995ರಲ್ಲಿ ಅದನ್ನ ಮೂರು ವಾರಕ್ಕೆ ಇಳಿಸಿದ್ರು. ನನಗೆ ತುಂಬಾ ಹಿಡಿಸಿದ್ದು ಏನಂದ್ರೆ, ಆ ಮೂರು ವಾರವೂ ಹುಡುಗ ಪ್ರಾಕ್ಟೀಸಿಗೆ ಬರಬಹುದು. ಜೊತೆಗಾರರ ನಂಟು ಕಡಿಯಲ್ಲ, ಕೋಚ್ ಕಣ್ಣು ತಪ್ಪಲ್ಲ. ಕಷ್ಟದ ಅಡ್ವಾನ್ಸ್ಡ್ ತರಗತಿಗಳಿಗೆ ವಿನಾಯಿತಿಯೂ ಇದೆ. ಇಲ್ದಿದ್ರೆ ಆಟಗಾರರು ಯಾರೂ ಕ್ಯಾಲ್ಕುಲಸ್ ಹತ್ರ ಸುಳೀತಿರಲಿಲ್ಲ.

ಇನ್ನು ರ‍್ಯಾಂಕ್ ವಿಷಯ. 1997ರ ಕಾನೂನಿನ ಪ್ರಕಾರ ತರಗತಿಯ ಮೇಲಿನ ಹತ್ತು ಪರ್ಸೆಂಟ್ ಮಕ್ಕಳಿಗೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ನೇರ ಸೀಟು. ಆಸ್ಟಿನ್‌ನಲ್ಲಿರೋ ಟೆಕ್ಸಾಸ್ ಯೂನಿವರ್ಸಿಟಿಗೆ ಮಾತ್ರ ಮಿತಿ ಇನ್ನೂ ಬಿಗಿ. ಅದಕ್ಕೇ ನಮ್ಮವರಲ್ಲಿ ಕೆಲವರು, ರ‍್ಯಾಂಕ್ ಎಲ್ಲಿ ಜಾರುತ್ತೋ ಅಂತ, ಹನ್ನೊಂದನೇ ಕ್ಲಾಸಿಗೆ ಬರ್ತಿದ್ದ ಹಾಗೆ ಮಕ್ಕಳನ್ನ ಬ್ಯಾಂಡ್‌ನಿಂದ, ಓಟದ ಟ್ರ್ಯಾಕ್ ತಂಡದಿಂದ ಬಿಡಿಸಿಬಿಡ್ತಾರೆ. ಅವರ ಆತಂಕ ನನಗೂ ಅರ್ಥ ಆಗುತ್ತೆ. ಆದ್ರೂ ಹೇಳ್ತೀನಿ, ಬಿಡಿಸ್ಬೇಡಿ. ಇಷ್ಟಪಟ್ಟು ಕಲಿತಿರೋದನ್ನ ಅರ್ಧಕ್ಕೆ ಕಿತ್ಕೊಂಡ್ರೆ ಓದೋ ಹುಮ್ಮಸ್ಸೂ ಅದರ ಜೊತೆಗೇ ಹೋಗುತ್ತೆ.

ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಇಲ್ಲಿ ಫುಟ್‌ಬಾಲ್ ನಡೆಸೋ ಯುಐಎಲ್ ಅನ್ನೋ ಸಂಸ್ಥೆಯೇ ನಾಟಕ, ಸ್ಪೆಲಿಂಗ್, ಗಣಿತದ ಸ್ಪರ್ಧೆಗಳನ್ನೂ ನಡೆಸುತ್ತೆ. ಅದರಲ್ಲಿ 'ನಂಬರ್ ಸೆನ್ಸ್' ಅಂತ ಒಂದಿದೆ. ಹತ್ತು ನಿಮಿಷ, 80 ಲೆಕ್ಕ. ಎಲ್ಲ ಮನಸ್ಸಲ್ಲೇ ಮಾಡ್ಬೇಕು, ಕಾಗದದ ಮೇಲೆ ಉತ್ತರ ಮಾತ್ರ. ಬರೆದದ್ದನ್ನ ಅಳಿಸೋ ಹಾಗಿಲ್ಲ, ತಿದ್ದೋ ಹಾಗಿಲ್ಲ. ಪ್ರತಿ ಹತ್ತನೇ ಲೆಕ್ಕಕ್ಕೆ ಅಂದಾಜು ಉತ್ತರ ಸಾಕು, ಆದ್ರೆ ಐದು ಪರ್ಸೆಂಟ್ ಒಳಗಿರಬೇಕು. ಮಗ್ಗಿ ಬಾಯಿಪಾಠ ಮಾಡಿಸೋ ಅಜ್ಜ ಅಜ್ಜಿ ಮನೇಲಿದ್ರೆ, ಈ ಸ್ಪರ್ಧೆಯ ಹಳೇ ಪ್ರಶ್ನೆಪತ್ರಿಕೆ ಒಂದನ್ನ ಮಗುವಿನ ಜೊತೆ ಅವರ ಮುಂದೂ ಇಡಿ. ಹತ್ತು ನಿಮಿಷಕ್ಕೆ ಅಲಾರಂ ಇಟ್ಟು ಶುರು ಮಾಡಿ, ಯಾರು ಎಷ್ಟು ಮಾಡಿದ್ರು ಅಂತ ಕಾಮೆಂಟಲ್ಲಿ ಬರೀರಿ.