ನಿದ್ದೆಯ ಲೆಕ್ಕ ಕೇಳುವ ಸರ್ಕಾರ

ಅಧ್ಯಕ್ಷರಿಗೆ, ವೇದಿಕೆಯ ಹಿರಿಯರಿಗೆ, ಅರ್ಥಶಾಸ್ತ್ರ ವಿಭಾಗದ ಗೆಳೆಯರಿಗೆ, ಊಟದ ಹೊತ್ತು ಹತ್ತಿರವಾದರೂ ಕೂತಿರುವ ವಿದ್ಯಾರ್ಥಿಗಳಿಗೆ ನಮಸ್ಕಾರ.

ಮಾರ್ಚ್ 20ನ್ನು ಸಂತೋಷದ ದಿನ ಅಂತ ವಿಶ್ವಸಂಸ್ಥೆ ಸಾರಿದ್ದು 2012ರಲ್ಲಿ. ಅದರ ಹಿಂದಿನ ವರ್ಷವೇ, ಜನರ ಸಂತೋಷವೂ ಅಭಿವೃದ್ಧಿಯ ಗುರಿಯಾಗಲಿ ಅನ್ನುವ ನಿರ್ಣಯವನ್ನು ಅಲ್ಲಿ ಮಂಡಿಸಿ ಒಪ್ಪಿಸಿದ್ದು ಭೂತಾನ್. ನಮ್ಮ ಕರ್ನಾಟಕದ ಐದರಲ್ಲಿ ಒಂದು ಪಾಲಿನಷ್ಟು ನೆಲ, ಎಂಟು ಲಕ್ಷವೂ ಇಲ್ಲದ ಜನ. ಭೂತಾನ್ ಅಂದ ಕೂಡಲೇ ನಗುಮುಖದ ಪುಟ್ಟ ಭಿಕ್ಷುಗಳ ಫೋಟೊ ನೆನಪಾಗುತ್ತದೆ. ಬೈಲಕುಪ್ಪೆಗೆ ಹೋದವರು ಭೂತಾನಿನಿಂದ ಓದಲು ಬಂದ ಭಿಕ್ಷುಗಳನ್ನು ನಿಜವಾಗಿಯೂ ನೋಡಿರಬಹುದು. ನಗು ಚೆಂದವೇ. ಆದರೆ ನಾನು ಆ ದೇಶವನ್ನು ಮೆಚ್ಚುವುದು ಅದಕ್ಕಲ್ಲ. ಅಲ್ಲಿನ ಸರ್ಕಾರ ಜನರ ಮನೆಬಾಗಿಲಿಗೆ ಹೋಗಿ ಏನು ಕೇಳುತ್ತದೆ, ಅದಕ್ಕೆ ಮೆಚ್ಚುತ್ತೇನೆ.

2010, 2015, 2022ರಲ್ಲಿ ದೇಶದ ಉದ್ದಗಲಕ್ಕೂ ಸಮೀಕ್ಷೆ ಮಾಡಿದರು. ಒಟ್ಟು ರಾಷ್ಟ್ರೀಯ ಸಂತೋಷ ಅಂತ ಅವರು ಕರೆಯುವುದಕ್ಕೆ ಒಂಬತ್ತು ವಲಯ, ಮೂವತ್ತಮೂರು ಸೂಚಕ. ಆದಾಯ, ಆರೋಗ್ಯ, ಶಿಕ್ಷಣ ನಮಗೂ ಗೊತ್ತಿರುವಂಥವು. ಉಳಿದವನ್ನು ನೋಡಿ. ನಿನ್ನೆ ಎಷ್ಟು ಗಂಟೆ ಮಲಗಿದ್ದಿರಿ? ಕಾಯಿಲೆ ಬಿದ್ದರೆ ನೋಡಿಕೊಳ್ಳಲು ಎಷ್ಟು ಜನ ಇದ್ದಾರೆ? ಈಚೆಗೆ ಸಿಟ್ಟು ಬಂದಿತ್ತೆ, ಹೊಟ್ಟೆಕಿಚ್ಚು ಪಟ್ಟಿರಾ? ಯಾರನ್ನಾದರೂ ಕ್ಷಮಿಸಿದಿರಾ? ಯೋಚನೆ ಮಾಡಿ, ಕ್ಷಮಿಸಿದಿರಾ ಅಂತ ಕೇಳುವ ಸರ್ಕಾರಿ ಫಾರಂ! ದಿನಕ್ಕೆ ಎಂಟು ಗಂಟೆ ನಿದ್ದೆ, ಎಂಟು ಗಂಟೆ ಮೀರದ ಕೆಲಸ, ಇದು ಅವರ ಅಳತೆಗೋಲು. ಆ ಎಂಟು ಗಂಟೆಯೊಳಗೆ ಸಂಬಳವಿಲ್ಲದ ಕೆಲಸವೂ ಸೇರುತ್ತದೆ. ಅಡುಗೆ, ಮಗು ನೋಡಿಕೊಳ್ಳುವುದು, ಎಲ್ಲವೂ ಕೆಲಸವೇ.

ನಾನು ವರ್ಷಗಟ್ಟಲೆ ರಾಷ್ಟ್ರೀಯ ಆದಾಯದ ಪಾಠ ಮಾಡಿದವನು. ಹೆಂಗಸರು ಬೆಳಗಿನ ಜಾವದಿಂದ ರಾತ್ರಿವರೆಗೆ ಮಾಡುವ ಆ ದುಡಿಮೆಗೆ ನಮ್ಮ ಜಿಡಿಪಿಯಲ್ಲಿ ಜಾಗವಿಲ್ಲ. ಕೇಳದೆ ಬಿಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲ, ಲೆಕ್ಕಕ್ಕೆ ಬಾರದ್ದು ಬಜೆಟ್ಟಿಗೆ ಬರುವುದಿಲ್ಲ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ, ಆದರೆ ಒಂದು ಕಥೆ ಹೇಳದೆ ಮುಂದೆ ಹೋಗಲಾರೆ.

1972ರಲ್ಲಿ ತಂದೆ ತೀರಿಕೊಂಡಾಗ ನಾಲ್ಕನೇ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್‌ಗೆ ಹದಿನಾರು ವರ್ಷ. ನಿಮಗಿಂತ ಚಿಕ್ಕವರು. ಒಟ್ಟು ಉತ್ಪನ್ನಕ್ಕಿಂತ ಒಟ್ಟು ಸಂತೋಷ ಮುಖ್ಯ ಅಂದವರು ಇವರೇ. 1998ರಲ್ಲಿ ತಮ್ಮನ್ನೇ ಪದವಿಯಿಂದ ಇಳಿಸುವ ಅಧಿಕಾರವನ್ನು ರಾಷ್ಟ್ರೀಯ ಸಭೆಗೆ ಕೊಟ್ಟರು. 2005ರಲ್ಲಿ ಸಂವಿಧಾನದ ಕರಡನ್ನು ಜನರ ಮುಂದಿಟ್ಟರು. ತಾವೂ ಯುವರಾಜರೂ ಜಿಲ್ಲೆ ಜಿಲ್ಲೆಗೆ ಹೋಗಿ ಅಭಿಪ್ರಾಯ ಕೇಳಿದರು. ಜನ ಏನೆಂದರು ಗೊತ್ತೇ? ನಮಗೆ ಪ್ರಜಾಪ್ರಭುತ್ವ ಬೇಡ, ನೀವೇ ಇರಿ ಅಂತ ಅಂಗಲಾಚಿದರು. ಯೋಗ್ಯತೆ ನೋಡದೆ ಹುಟ್ಟಿನಿಂದ ಬರುವ ಒಬ್ಬನ ಕೈಗೆ ದೇಶವನ್ನು ಬಿಡಬಾರದು ಅನ್ನುವುದು ದೊರೆಯ ವಾದ. ಆ ದೊರೆಯೇ ಹುಟ್ಟಿನಿಂದ ಬಂದವರು ಅನ್ನುವುದನ್ನು ಮರೆಯಬೇಡಿ. 2006ರಲ್ಲಿ ಮಗನಿಗೆ ಪಟ್ಟ ಬಿಟ್ಟುಕೊಟ್ಟರು.

ಮತ ಹಾಕಿ ಅಭ್ಯಾಸವಿಲ್ಲದ ಜನಕ್ಕೆ 2007ರಲ್ಲಿ ಅಣಕು ಚುನಾವಣೆ ನಡೆಸಿದರು. ನೀಲಿ, ಹಸಿರು, ಕೆಂಪು, ಹಳದಿ ಅಂತ ನಾಲ್ಕು ಹುಸಿ ಪಕ್ಷಗಳು. ಹಳದಿ ದೊರೆಯ ಬಣ್ಣ. ಅಂತಿಮ ಸುತ್ತಿನಲ್ಲಿ 47 ಕ್ಷೇತ್ರಗಳಲ್ಲಿ 46 ಹಳದಿಗೆ! ರಾಜ ಬೇಡವೆಂದರೂ ಜನ ರಾಜನಿಗೇ ಮತ ಹಾಕಿದರು. ನಿಜವಾದ ಚುನಾವಣೆ ಮರುವರ್ಷ ಮಾರ್ಚ್‌ನಲ್ಲಿ ಆಯಿತು. ಅದೇ ಜುಲೈಯಲ್ಲಿ ಸಂವಿಧಾನ ಜಾರಿಗೆ ಬಂತು. ದೊರೆಗೆ 65ಕ್ಕೆ ನಿವೃತ್ತಿ. ಸಂತೋಷ ಅರಸಲು ಅನುವಾಗುವ ಸ್ಥಿತಿಯನ್ನು ಒದಗಿಸಲು ಸರ್ಕಾರ ಶ್ರಮಿಸಬೇಕು ಅಂತ ಒಂಬತ್ತನೇ ವಿಧಿ. ಸಂತೋಷ ಧ್ಯಾನ ಮಾಡುವವನ ಸ್ವಂತ ವಿಷಯ ಅಂತ ಕೈತೊಳೆದುಕೊಳ್ಳಲು ಅಲ್ಲಿನ ಮಂತ್ರಿಗೆ ಬರುವುದಿಲ್ಲ.

ಈಗ ಕಷ್ಟದ ಮಾತು. ಮೆಚ್ಚುವವನೇ ಇದನ್ನು ಹೇಳಬೇಕು. ಇದೇ ದೊರೆಯ ಕಾಲದಲ್ಲಿ, 1990ರ ದಶಕದಲ್ಲಿ, ದಕ್ಷಿಣ ಭೂತಾನಿನ ನೇಪಾಳಿ ಮಾತಾಡುವ ಲೋತ್ಸಾಂಪ ಜನ ದೇಶ ಬಿಡಬೇಕಾಯಿತು. ಲಕ್ಷಕ್ಕೂ ಹೆಚ್ಚು ಮಂದಿ ಪೂರ್ವ ನೇಪಾಳದ ಶಿಬಿರಗಳಲ್ಲಿ ಇದ್ದರು. ಹೆಚ್ಚಿನವರು ಕೊನೆಗೆ ಅಮೆರಿಕದಂಥ ದೂರದ ನಾಡುಗಳಲ್ಲಿ ನೆಲೆ ಕಂಡರು. ಮೂವತ್ತಮೂರು ಸೂಚಕಗಳ ಪ್ರಶ್ನಾವಳಿ ಹಿಡಿದು ಆ ಶಿಬಿರದ ಬಾಗಿಲಿಗೆ ಯಾರೂ ಹೋಗಲಿಲ್ಲ. ಕೇಳದೆ ಬಿಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲ ಅಂದೆನಲ್ಲ, ಅದು ಭೂತಾನಿಗೂ ಅನ್ವಯಿಸುತ್ತದೆ. ಅವರ ಸಂತೋಷದ ಸೂಚ್ಯಂಕ ಓದುವಾಗಲೆಲ್ಲ ಈ ಜನ ನನಗೆ ನೆನಪಾಗುತ್ತಾರೆ, ಆಗಲೇಬೇಕು.

ಚೀಟಿ ಬಂತು, ಐದೇ ನಿಮಿಷವಂತೆ. ಕಾಡಿನ ವಿಷಯ ವಿಸ್ತಾರವಾಗಿ ಹೇಳಬೇಕೆಂದಿದ್ದೆ. ದೇಶದ ಶೇ. 60ರಷ್ಟು ನೆಲದಲ್ಲಿ ಸದಾಕಾಲ ಕಾಡು ಇರಬೇಕು ಅಂತ ಸಂವಿಧಾನದಲ್ಲೇ ಇದೆ. ಫೋಬ್ಜಿಖಾ ಕಣಿವೆಯಲ್ಲಿ ಚಳಿಗಾಲಕ್ಕೆ ಟಿಬೆಟ್ಟಿನಿಂದ ಬರುವ ಕಪ್ಪುಕತ್ತಿನ ಕೊಕ್ಕರೆಗಳಿಗೆ ತಗಲದಿರಲೆಂದು ವಿದ್ಯುತ್ ತಂತಿಯನ್ನು ನೆಲದಡಿ ಹಾಕಿದರು. ಹಣ ಬೇಡ ಅಂದವರೂ ಅಲ್ಲ ಅವರು. ಚುಖಾದ 336 ಮೆಗಾವ್ಯಾಟ್ ಸ್ಥಾವರವನ್ನು ಭಾರತದ ನೆರವಿನಿಂದ ಕಟ್ಟಿ ನಮಗೇ ವಿದ್ಯುತ್ ಮಾರಿದರು. ಇಂಥ ಸ್ಥಾವರಗಳ ದುಡ್ಡಿನ ಬಲವೂ ಅವರ ಉಚಿತ ಶಾಲೆ, ಉಚಿತ ಆಸ್ಪತ್ರೆಗಳ ಹಿಂದೆ ಇದೆ. ಆದರೂ ಈಚೆಗೆ ಓದಿದ ಯುವಕರು ಸಾಲುಸಾಲಾಗಿ ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದಾರೆ. ಕೆಲಸ ಬೇಕು, ಸಂಬಳ ಬೇಕು. ಅದರ ಬಗ್ಗೆ ಇನ್ನೊಮ್ಮೆ ಮಾತಾಡೋಣ.

ವಿಭಾಗದ ಮಕ್ಕಳಿಗೆ ಒಂದು ಕೋರಿಕೆ. ಈ ಸಲದ ಪ್ರಾಜೆಕ್ಟಿಗೆ ನಿಮ್ಮ ನಿಮ್ಮ ಬೀದಿಯ ಇಪ್ಪತ್ತು ಮನೆ ಹಿಡಿಯಿರಿ. ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆಯಾಗಿ ಕೂರಿಸಿ, ಎಷ್ಟು ಗಂಟೆ ದುಡಿದರು, ಎಷ್ಟು ಗಂಟೆ ಮಲಗಿದರು ಅಂತ ಕೇಳಿ ಬರೆದುಕೊಳ್ಳಿ. ಮೊದಲ ಹಾಳೆ ನಿಮ್ಮ ಅಮ್ಮನದಾಗಿರಲಿ. ತುಂಬಿದ ಹಾಳೆಗಳನ್ನು ನನಗೆ ಕಳಿಸಿ, ಒಟ್ಟಿಗೆ ಕೂತು ಲೆಕ್ಕ ಹಾಕೋಣ.